ಪಾರ್ಕಿಂಗ್‌ನಲ್ಲಿ ಗಜಲಕ್ಷ್ಮಿ

ನನಗೆ ಕಾರು ಓಡಿಸಲು ಬರುವುದಿಲ್ಲ. ಸರ್ವಿಸ್ಸಿನ ಉದ್ದಕ್ಕೂ ತುಮಕೂರಿನ ಒಂದು ಹೈಸ್ಕೂಲಿನಲ್ಲಿ ಡ್ರಾಯಿಂಗ್ ಮೇಷ್ಟ್ರಾಗಿದ್ದವನು ನಾನು. ಹುಡುಗರಿಂದ ಹಾಳೆಗಟ್ಟಲೆ ಕಾರು ಬರೆಸಿದ್ದೇನೆ, ಒಂದನ್ನೂ ಕೊಂಡವನಲ್ಲ. ಹಾಗಿದ್ದೂ ನಾವಿರುವ ಅಪಾರ್ಟ್‌ಮೆಂಟಿನ ಕೆಳಗೆ ನಮಗೂ ಒಂದು ಪಾರ್ಕಿಂಗ್ ಜಾಗವಿದೆ. ಹಳದಿ ಗೆರೆ ಎಳೆದು, ಮನೆಯ ನಂಬರು ಬರೆದು ಬಿಲ್ಡರ್ ಕೊಟ್ಟ ಜಾಗ. ಮೊನ್ನೆ ಮೊನ್ನೆಯವರೆಗೂ ಅಲ್ಲಿ ಕಾರಿನ ಬದಲು ಒಂದು ಬಾಗಿಲು ನಿಂತಿತ್ತು. ನಿಂತಿತ್ತು ಅನ್ನುವುದೂ ತಪ್ಪೇ, ಗೋಡೆಗೆ ಒರಗಿಕೊಂಡಿತ್ತು. ಈಗ ಜಾಗ ಖಾಲಿ. ಬೆಳಿಗ್ಗೆ ಹಾಲು ತರಲು ಇಳಿದಾಗೆಲ್ಲ ಕಣ್ಣು ಅಲ್ಲಿಗೇ ಹೋಗುತ್ತದೆ. ಹಲ್ಲು ಕಿತ್ತಿಸಿಕೊಂಡವರ ನಾಲಿಗೆ ಅದೇ ಸಂದಿಗೆ ಹೋಗುವುದಿಲ್ಲವೆ, ಹಾಗೆ.

ಬಾಗಿಲು ಅಂದರೆ ನೀವು ನಿಮ್ಮ ಮನೆಯ ಬಾಗಿಲನ್ನು ನೆನೆಸಿಕೊಳ್ಳಬೇಡಿ. ಇದು ತೇಗದ್ದು, ಎರಡು ಕದದ್ದು. ಒಂದೊಂದು ಕದವೂ ನಮ್ಮ ಫ್ಲ್ಯಾಟಿನ ಪೂರಾ ಬಾಗಿಲಿಗಿಂತ ಅಗಲ. ಮೈತುಂಬ ಹಿತ್ತಾಳೆ ಗುಬುಟುಗಳು, ಸುತ್ತ ಬಳ್ಳಿ ಕೆತ್ತಿದ ಬಾಗಿಲುವಾಡ, ಕೆಳಗೆ ಗಟ್ಟಿ ಹೊಸ್ತಿಲು, ಮೇಲೆ ಗಜಲಕ್ಷ್ಮಿ. ಆಕೆಯ ಎಡಬಲದಲ್ಲಿ ಎರಡು ಆನೆ ಸೊಂಡಿಲೆತ್ತಿ ನಿಂತಿವೆ. ಬಲಗಡೆಯ ಆನೆಯ ಸೊಂಡಿಲಿಗೆ ನಮ್ಮ ವಾಚ್‌ಮನ್ ತನ್ನ ಛತ್ರಿಯನ್ನು ನೇತುಹಾಕುತ್ತಿದ್ದ. ಕೊರಿಯರಿನವರು ಹೊಸ್ತಿಲ ಮೇಲೆ ಪಾರ್ಸೆಲ್ ಇಟ್ಟು ಸಹಿ ಹಾಕಿಸಿಕೊಳ್ಳುತ್ತಿದ್ದರು. ಬಾಗಿಲಿಗೂ ಗೋಡೆಗೂ ನಡುವಿನ ಕತ್ತಲಲ್ಲಿ ಒಂದು ಬೆಕ್ಕು ಮರಿ ಹಾಕಿಕೊಂಡು ಸುಖವಾಗಿತ್ತು. ಆ ಬಾಗಿಲನ್ನು ಮನೆಯೆಂದು ನಂಬಿಕೊಂಡು ಒಳಗೆ ಬಾಳಿದ ಕೊನೆಯ ಜೀವ ಅದೇ ಇರಬೇಕು.

ಬಾಗಿಲು ನನ್ನ ಹೆಂಡತಿ ವಿಶಾಲುವಿನದು. ಗುಬ್ಬಿಯಲ್ಲಿ ಅವಳ ತಾತನ ಅಪ್ಪ, ಕೊಬ್ಬರಿ ವ್ಯಾಪಾರ ಕೈ ಹಿಡಿದು, ಊರಿನಲ್ಲಿ ನಾಲ್ಕು ಜನ ದೊಡ್ಡವರು ಅಂತ ಇದ್ದಾಗ ಅವರಲ್ಲೊಬ್ಬರಾಗಿ ಕಟ್ಟಿಸಿದ ಮನೆಯ ಮುಂಬಾಗಿಲು. ಊರಿನವರ ಬಾಯಲ್ಲಿ ಅದು ಸಾಹುಕಾರ್ರ ಮನೆ. ನನಗೆ ಸೋದರಮಾವನ ಮನೆ. ಅಂದರೆ ವಿಶಾಲು ನನ್ನ ಮಾವನ ಮಗಳು. ಚಿಕ್ಕವರಿದ್ದಾಗ ನನ್ನನ್ನು ‘ಏನ್ಲಾ ಮೂರ್ತಿ’ ಎನ್ನುತ್ತಿದ್ದವಳು ಮದುವೆಯ ಮಾರನೇ ದಿನದಿಂದ ‘ರೀ’ ಎನ್ನತೊಡಗಿದಳು. ಅಷ್ಟು ಬೇಗ ನನಗೆ ಬಡ್ತಿ ಸಿಕ್ಕಿದ್ದು ಸರ್ವಿಸ್ಸಿನಲ್ಲಿ ಅದೊಂದೇ ಸಲ. ಕೋಪ ಬಂದಾಗ ಮಾತ್ರ ಹಳೆಯ ‘ಏನ್ಲಾ’ ಹೊರಗೆ ಬರುತ್ತದೆ. ಆಗ ನಾನು ಪೇಪರ್ ಮಡಿಸಿಟ್ಟು ತರಕಾರಿ ತರಲು ಹೊರಟುಬಿಡುತ್ತೇನೆ.

ತುಮಕೂರಿನಲ್ಲೂ ಅಂಥ ಮನೆಗಳಿದ್ದವು, ನಾನೇ ನೋಡಿದ್ದೇನೆ. ಒಂದು ವಕೀಲರ ಬಂಗಲೆ. ಮುಂದೆ ಅರ್ಧ ಚಂದ್ರಾಕಾರದ ವರಾಂಡ, ಕಿಟಕಿಯ ಮೇಲೆ ಹಸಿರು ಕೆಂಪು ಗಾಜು. ಹುಡುಗರನ್ನು ಕರೆದುಕೊಂಡು ಹೋಗಿ ಎದುರಿನ ಮರದಡಿ ಕೂರಿಸಿ ‘ಇದನ್ನ ಬರೀರಿ’ ಅನ್ನುತ್ತಿದ್ದೆ. ಅವರು ಬಂಗಲೆ ಬಿಟ್ಟು ಬಂಗಲೆಯ ನಾಯಿಯನ್ನು ಚೆನ್ನಾಗಿ ಬರೆಯುತ್ತಿದ್ದರು. ಈಗ ಅಲ್ಲಿ ಮೊಬೈಲ್ ಶೋರೂಮ್. ಆದರೂ ಆಟೋದವರು ಇವತ್ತಿಗೂ ‘ಬಂಗ್ಲೆ ಸ್ಟಾಪ್ ಹತ್ರಾನಾ ಸಾರ್?’ ಅಂತಲೇ ಕೇಳುತ್ತಾರೆ. ಯಾವ ಬಂಗಲೆ, ಯಾರದು, ಕೇಳಿದರೆ ಗೊತ್ತಿಲ್ಲ. ಇನ್ನೊಂದು ಡಾಕ್ಟರರ ಬಂಗಲೆ, ಕುದುರೆಗಾಡಿ ಒಳಗೇ ಬಂದು ನಿಲ್ಲುವಂಥ ಪೋರ್ಟಿಕೋ ಇದ್ದದ್ದು. ಅದು ಕಲ್ಯಾಣಮಂಟಪವಾಯಿತು. ಡಾಕ್ಟರರ ಹೆಂಡತಿ ಗುಲಾಬಿ ಬೆಳೆಸುತ್ತಿದ್ದ ಜಾಗದಲ್ಲಿ ನಾವೀಗ ಊಟ ಮಾಡಿ ಕೈ ತೊಳೆಯುತ್ತೇವೆ. ಕುಣಿಗಲ್‌ನಲ್ಲಿ ವಿಶಾಲುವಿನ ತಂಗಿ ಇರುವ ಬೀದಿಯಲ್ಲಿ ಅಮಲ್ದಾರರೊಬ್ಬರು ಕಟ್ಟಿಸಿದ ಮನೆಯಿತ್ತಂತೆ. ಎರಡು ಬೇವಿನ ಮರ ಎದುರುಬದುರಾಗಿ ನಿಂತಿವೆ, ನಡುವೆ ಗೇಟು ಇದ್ದಿರಬೇಕು ಅಂತ ನಾವು ಊಹಿಸಿಕೊಳ್ಳಬೇಕು. ಆ ಮನೆಗಳು ಯಾವತ್ತೂ ನನ್ನವಲ್ಲ, ಒಂದರಲ್ಲೂ ನನಗೆ ಒಂದು ಲೋಟ ಕಾಫಿ ಸಿಕ್ಕಿದ್ದಿಲ್ಲ. ಆದರೂ ಹೋದಾಗ ನನ್ನದೇ ಏನೋ ಹೋದಂತೆ ಸಂಕಟವಾಯಿತು.

ಗುಬ್ಬಿಯ ಮನೆ ಮಾತ್ರ ಬೇರೆ. ಅಲ್ಲಿ ನಾನು ಬೇಸಗೆ ರಜೆಯಿಡೀ ಇರುತ್ತಿದ್ದೆ. ಅದು ಬೀದಿಯ ಕಡೆ ನೋಡಿದರೆ ಅಂಥ ದೊಡ್ಡದಲ್ಲ, ಒಳಗೆ ಹೋದಂತೆ ಹೋದಂತೆ ಉದ್ದವಾಗುವ ಮನೆ. ಮುಂದೆ ಜಗಲಿ. ಸಂತೆಗೆ ಬಂದವರು ಯಾರನ್ನೂ ಕೇಳದೆ ಅಲ್ಲಿ ಕೂತು ಬುತ್ತಿ ಬಿಚ್ಚುತ್ತಿದ್ದರು, ಒಳಗಿನಿಂದ ಮಜ್ಜಿಗೆ ಬರುತ್ತದೆ ಅನ್ನುವ ಧೈರ್ಯ ಅವರಿಗಿತ್ತು. ಆಮೇಲೆ ಈ ಮುಂಬಾಗಿಲು. ದಾಟಿದರೆ ನಾಲ್ಕು ಕಂಬದ ತೊಟ್ಟಿ, ಮೇಲೆ ಆಕಾಶ. ಪಕ್ಕದಲ್ಲಿ ಸರಪಳಿಯ ಉಯ್ಯಾಲೆ. ಅದರಾಚೆ ನಡುಮನೆ, ಊಟದ ಮನೆ, ಅಡುಗೆಮನೆ. ಅಡುಗೆಮನೆಯ ಮೇಲಿನ ಅಟ್ಟದಲ್ಲಿ ತೆಂಗಿನಕಾಯಿಗಳು ಹೊಗೆ ಕುಡಿಯುತ್ತ ವರ್ಷಗಟ್ಟಲೆ ಕೂತಿರುತ್ತಿದ್ದವು, ಒಳಗಿನ ನೀರು ಇಂಗಿ ತಾವೇ ಕೊಬ್ಬರಿಯಾಗುವವರೆಗೆ. ಮಾವ ಒಂದೊಂದನ್ನೇ ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿ, ‘ಇದಿನ್ನೂ ಆಗಿಲ್ಲ’ ಅಂತ ಮತ್ತೆ ಅಟ್ಟಕ್ಕೆ ಕಳಿಸುತ್ತಿದ್ದರು. ಪರೀಕ್ಷೆಯಲ್ಲಿ ಫೇಲಾದ ವರ್ಷ ನನ್ನ ತಲೆಯನ್ನೂ ಹಾಗೇ ಅಲ್ಲಾಡಿಸಿ ನೋಡಿ ಅದೇ ಮಾತು ಹೇಳಿದರು. ಅಡುಗೆಮನೆ ದಾಟಿದರೆ ಬಚ್ಚಲು, ಅದರ ಪಕ್ಕ ಸೌದೆ ಇಡುವ ಕತ್ತಲೆ ಓಣಿ, ಕೊನೆಗೆ ಹಿತ್ತಲ ಬಾಗಿಲು.

ಹಗಲು ಹೊತ್ತಿನಲ್ಲಿ ಮುಂಬಾಗಿಲಿನ ಒಂದೇ ಕದ ತೆಗೆದಿರುತ್ತಿತ್ತು. ಸಂಜೆ ದೀಪ ಹಚ್ಚುವ ಹೊತ್ತಿಗೆ ಎರಡೂ ಕದ ತೆಗೆಯಬೇಕು, ಹಿತ್ತಲ ಬಾಗಿಲು ಹಾಕಬೇಕು. ನಮ್ಮ ಕಡೆಯ ಪದ್ಧತಿ ನಿಮಗೂ ಗೊತ್ತಿರುತ್ತದೆ. ಲಕ್ಷ್ಮಿ ಮುಂದಿನಿಂದ ಬರುತ್ತಾಳೆ, ಹಿಂದೆ ತೆಗೆದಿದ್ದರೆ ಹಾಗೇ ಹೊರಟುಹೋಗುತ್ತಾಳೆ. ತೊಟ್ಟಿಯಲ್ಲಿ ಬತ್ತಿ ಹೊಸೆಯುತ್ತ ಕೂತ ನಮ್ಮಜ್ಜಿ, ಅಂದರೆ ಮಾವನ ತಾಯಿ, ಅಲ್ಲಿಂದಲೇ ಕೂಗುತ್ತಿದ್ದಳು.

“ವಿಶಾಲೂ, ಮುಂಬಾಗ್ಲು ತೆಗಿಯೇ. ಏಯ್ ಮೂರ್ತಿ, ಹಿತ್ಲು ಬಾಗ್ಲು ಹಾಕ್ಬಾರೋ.”

ವಿಶಾಲುವಿನದು ರಾಜಯೋಗ. ಎರಡು ಹೆಜ್ಜೆ ಹೋಗಿ ಚಿಲಕ ತೆಗೆದರೆ ಮುಗಿಯಿತು. ನಾನು ಇಡೀ ಮನೆ ದಾಟಬೇಕು. ನಡುಮನೆಯವರೆಗೆ ನಡಿಗೆ, ಅಡುಗೆಮನೆಯಿಂದಾಚೆ ಓಟ, ಸೌದೆ ಓಣಿಯಲ್ಲಿ ಕಣ್ಣು ಮುಚ್ಚಿಕೊಂಡು ಇನ್ನೂ ಜೋರು ಓಟ. ಹಿತ್ತಲ ಬಾಗಿಲಿನ ಅಗುಳಿ ದೂಡಿ, ಅಷ್ಟೇ ವೇಗದಲ್ಲಿ ಹಿಂದಕ್ಕೆ. ಏದುಸಿರು ಬಿಡುತ್ತ ತೊಟ್ಟಿಗೆ ಬಂದರೆ, ಇವಳು ತೆರೆದ ಬಾಗಿಲಿನ ನಡುವೆ ಬೀದಿಯ ಕಡೆ ಮುಖ ಮಾಡಿ ನಿಂತಿರುತ್ತಿದ್ದಳು. ತಿರುಗಿ ನೋಡದೆ ಕೇಳುತ್ತಿದ್ದಳು.

“ಹಾಕಿದ್ಯೇನ್ಲಾ?”

“ಹಾಕ್ದೆ ಕಣೇ.”

ಆಮೇಲೆ ಅಜ್ಜಿ ದೀಪ ಹಚ್ಚುತ್ತಿದ್ದಳು. ರಜೆ ಮುಗಿಯುವವರೆಗೆ ದಿನಾ ಇದೇ. ನನ್ನ ಮದುವೆ ನಿಶ್ಚಯವಾದದ್ದು ಜಾತಕ ನೋಡಿ ಅಂತ ಹಿರಿಯರು ಹೇಳುತ್ತಾರೆ. ನನಗೇನೋ ಅದು ಆ ಬಾಗಿಲುಗಳ ನಡುವೆಯೇ ನಿಶ್ಚಯವಾಗಿತ್ತು ಅನ್ನಿಸುತ್ತದೆ.

ಮಾವ ತೀರಿಕೊಂಡ ಮೇಲೆ ಮನೆಗೆ ಬೀಗ ಬಿತ್ತು. ವಿಶಾಲುವಿನ ಅಣ್ಣ ಶಿವಣ್ಣ ಹಿರೇಹಳ್ಳಿಯಲ್ಲಿ ವರ್ಕ್‌ಶಾಪ್ ಇಟ್ಟುಕೊಂಡು ಅಲ್ಲೇ ಮನೆ ಕಟ್ಟಿದ್ದ. ತಂಗಿ ಕುಣಿಗಲ್‌ನಲ್ಲಿ, ನಾವು ತುಮಕೂರಿನಲ್ಲಿ. ಯಾರೂ ಗುಬ್ಬಿಗೆ ಹೋಗಿ ಇರುವವರಲ್ಲ. ಆಗ ಕೊಳ್ಳಲು ಬಂದವರು ರೇಣುಕಪ್ಪ. ಕೊಬ್ಬರಿ ಮಂಡಿಯವರು, ಅಣ್ಣತಮ್ಮಂದಿರು ಸೊಸೆಯಂದಿರು ಅಂತ ದೊಡ್ಡ ಸಂಸಾರ. ನಾನೂ ಆ ದಿನ ಅಲ್ಲಿದ್ದೆ. ಮನೆಯನ್ನೆಲ್ಲ ನಿಧಾನಕ್ಕೆ ನೋಡಿ ಬಂದು, ತೊಟ್ಟಿಯ ಕಟ್ಟೆಯ ಮೇಲೆ ಕೂತು, ಕಂಬವನ್ನೊಮ್ಮೆ ಸವರಿ ಹೇಳಿದರು:

“ನಾನೇನೂ ಒಡೆಯೋನಲ್ಲ ಕಣ್ರಪ್ಪಾ. ಹಂಚು ಕೈಯಾಡ್ಸಿ, ಸುಣ್ಣ ಹೊಡೆಸಿ ಹಿಂಗೇ ಇಟ್ಕೋತೀನಿ. ನಮ್ಮನೇಲಿ ಮಕ್ಳು ಜಾಸ್ತಿ, ಓಡಾಡಕ್ಕೆ ಜಾಗ ಬೇಕು.”

ಅಷ್ಟು ಒಳ್ಳೆಯ ಮಾತನ್ನು ಹಳೆಯ ಮನೆ ಕೊಳ್ಳಲು ಬಂದವರ ಬಾಯಲ್ಲಿ ನಾನು ಅದಕ್ಕೆ ಮುಂಚೆ ಕೇಳಿರಲಿಲ್ಲ, ಆಮೇಲೂ ಕೇಳಿಲ್ಲ. ಎಲ್ಲ ಮುಗಿಯಿತು ಅನ್ನುವಾಗ ಶಿವಣ್ಣ ಗಂಟಲು ಸರಿಮಾಡಿಕೊಂಡ.

“ಮುಂಬಾಗ್ಲು ಮಾತ್ರ ಕೊಡಕ್ಕಾಗಲ್ಲ ರೇಣುಕಪ್ನೋರೆ. ಗಜಲಕ್ಷ್ಮಿ ಅವ್ಳೆ ಅದ್ರಲ್ಲಿ. ಮನೆ ಲಕ್ಷ್ಮೀನ ಯಾರಾದ್ರೂ ಮಾರ್ತಾರಾ? ನಾವು ಬಿಚ್ಕೊಂಡು ಹೋಗ್ತೀವಿ.”

“ಬಾಗ್ಲಿಲ್ದಿರೋ ಮನೆ ತಗೊಂಡು ನಾನೇನ್ ಮಾಡ್ಲಪ್ಪಾ?”

“ಬೇರೆ ಇಡಿಸ್ಕೊಳಿ. ಈಗೆಲ್ಲ ರೆಡಿಮೇಡ್ ಸಿಗ್ತವೆ.”

ಮುಂಬಾಗಿಲು ವಂಶ ಬಿಟ್ಟು ಹೋಗಬಾರದು ಅನ್ನುವುದು ನಮ್ಮಲ್ಲಿ ಎಲ್ಲರಿಗೂ ರಕ್ತದಲ್ಲೇ ಬಂದದ್ದು. ಅಲ್ಲಿದ್ದವರು ಯಾರೂ ಅದಕ್ಕೆ ಎದುರಾಡಲಿಲ್ಲ. ವಿಶಾಲು ಸೆರಗಿನಿಂದ ಕಣ್ಣೊರೆಸಿಕೊಂಡು ‘ಅಣ್ಣ ಹೇಳೋದು ಸರಿ’ ಅಂದಳು. ಹೊಸ್ತಿಲಿಗೆ ಅರಿಸಿನ ಹಚ್ಚಿ ಬೆಳೆದ ಹೆಣ್ಣುಮಗಳು ಬೇರೆ ಏನು ಹೇಳಿಯಾಳು? ರೇಣುಕಪ್ಪ ಕಂಬವನ್ನು ಇನ್ನೊಮ್ಮೆ ಸವರಿ, ಆಯಿತು ಅಂದರು. ಬಾಗಿಲು ಬಿಚ್ಚುವುದು ಅಂತಾದ ಮೇಲೆ ಎಲ್ಲರಿಗೂ ಮನೆಯ ಮೇಲೆ ಪ್ರೀತಿ ಉಕ್ಕಿತು. ಶಿವಣ್ಣನಿಗೆ ಅಪ್ಪ ಒರಗಿ ಕೂರುತ್ತಿದ್ದ ಕಂಬಗಳು ಬೇಕು. ತಂಗಿಗೆ ಉಯ್ಯಾಲೆ. ಬಾಗಿಲು ವಿಶಾಲುವಿಗೆ, ಅದನ್ನು ದಿನಾ ತೆಗೆಯುತ್ತಿದ್ದವಳು ಅವಳೇ ಅನ್ನುವ ಲೆಕ್ಕದಲ್ಲಿ. ಹಿತ್ತಲ ಬಾಗಿಲನ್ನು ಯಾರೂ ಕೇಳಲಿಲ್ಲ. ಅದು ಸಾದಾ ಮಾವಿನ ಹಲಗೆಯದು.

ಆ ಸಾಮಾನುಗಳು ಈಗ ಎಲ್ಲಿವೆ, ಕೇಳಿ. ಕಂಬಗಳು ಹಿರೇಹಳ್ಳಿಯಲ್ಲಿ ಶಿವಣ್ಣನ ಆರ್‌ಸಿಸಿ ಮನೆಯ ಮುಂದೆ ಇವೆ. ಮನೆಯ ಸೂರು ಎತ್ತರ, ಕಂಬ ಗಿಡ್ಡ, ಎರಡರ ನಡುವೆ ಕೈ ತೂರಿಸಬಹುದು. ಏನನ್ನೂ ಹೊರದೆ ಅವು ಹಾಗೇ ನಿಂತಿರುವುದನ್ನು ನೋಡಿದರೆ ರಿಟೈರಾದ ನಮ್ಮಂಥವರ ನೆನಪಾಗುತ್ತದೆ. ತಂಗಿಯ ಮನೆಯಲ್ಲಿ ಉಯ್ಯಾಲೆ ಕಟ್ಟಲು ತೊಲೆಯೇ ಇಲ್ಲ. ಹಲಗೆಯ ಮೇಲೆ ಟೀವಿ ಕೂತಿದೆ, ಸರಪಳಿಗಳು ಮಂಚದ ಕೆಳಗಿವೆ. ಬಾಗಿಲಿನ ಕಥೆ ಆಗಲೇ ಹೇಳಿದ್ದೇನೆ. ಮುಂದೆ ಎಂದಾದರೂ ಸ್ವಂತ ಸೈಟಿನಲ್ಲಿ ಮನೆ ಕಟ್ಟಿ ಅದನ್ನು ನಿಲ್ಲಿಸೋಣ ಅಂತ ನಾನು ವಿಶಾಲುವಿಗೆ ಮಾತು ಕೊಟ್ಟಿದ್ದೆ. ಮೇಷ್ಟ್ರ ಸಂಬಳದಲ್ಲಿ ನಿಂತಿದ್ದು ಫ್ಲ್ಯಾಟು. ಬಾಗಿಲು ಮತ್ತೆ ಬಾಗಿಲಾಗಿ ನಿಲ್ಲಬೇಕು ಅನ್ನುವ ಆಸೆಯನ್ನು ಮಾತ್ರ ಅವಳು ಬಿಡಲಿಲ್ಲ. ವಾರಕ್ಕೊಮ್ಮೆ ಪಾರ್ಕಿಂಗಿಗೆ ಇಳಿದು, ಒರಗಿಕೊಂಡಿದ್ದ ಅದರ ಹೊಸ್ತಿಲಿಗೆ ಅರಿಸಿನ ಕುಂಕುಮ ಹಚ್ಚಿ ಬರುತ್ತಿದ್ದಳು. ವಾಚ್‌ಮನ್ ಅಷ್ಟು ಹೊತ್ತು ಛತ್ರಿ ತೆಗೆದಿಟ್ಟುಕೊಳ್ಳುತ್ತಿದ್ದ.

ಇನ್ನು ಗುಬ್ಬಿಯ ಮನೆ. ಮುಂದೆ ಬಾಗಿಲಿಲ್ಲ, ನಡುವೆ ಕಂಬಗಳಿಲ್ಲ. ಕಂಬವಿದ್ದ ಕಡೆ ಮರದ ಊರುಗೋಲು ಕೊಟ್ಟಿದ್ದರು, ಒಂದು ಮಳೆಗಾಲ ತಡೆಯಿತು, ಮುಂದಿನದರಲ್ಲಿ ತೊಟ್ಟಿಯ ಒಂದು ಮಗ್ಗುಲು ಕುಸಿದು ಕೂತಿತು. ರೇಣುಕಪ್ಪ ಎಲ್ಲವನ್ನೂ ಒಡೆಸಿ ಕಾಂಪ್ಲೆಕ್ಸ್ ಕಟ್ಟಿಸಿದರು. ಈಗ ಅಲ್ಲಿ ಕೆಳಗೆ ಗೊಬ್ಬರದ ಅಂಗಡಿ, ಮೇಲೆ ಟ್ಯೂಷನ್ ಸೆಂಟರ್. ಒಮ್ಮೆ ಗುಬ್ಬಿಗೆ ಯಾರದೋ ಗೃಹಪ್ರವೇಶಕ್ಕೆ ಹೋದಾಗ ಅವರು ಊಟದ ಪಂಕ್ತಿಯಲ್ಲಿ ನಮ್ಮ ಎದುರೇ ಕೂತರು. ಅದೂ ಇದೂ ಮಾತಾಡಿ, ಎಲೆ ಮಡಿಸುವಾಗ ಹೇಳಿದರು:

“ಬಾಗ್ಲು ಬಿಟ್ಕೊಟ್ಟಿದ್ರೆ ಇವತ್ತೂ ಅದ್ರಲ್ಲೇ ಇರ್ತಿದ್ದೆ ಮೇಷ್ಟ್ರೇ. ಬಾಯಿ ಕಿತ್ತೋದ ಮನೇಲಿ ಸಂಸಾರ ಮಾಡಕ್ಕೆ ನಮ್ ಹೆಂಗಸ್ರು ಒಪ್ಲಿಲ್ಲ. ನಂಗೂ ಒಡೆಸ್ಬೇಕಾದ್ರೆ ಹೊಟ್ಟೆ ಉರೀತು.”

ಅವರ ಮಾತಿನಲ್ಲಿ ಕುಹಕವಿರಲಿಲ್ಲ, ನಿಜವಾದ ಬೇಸರವಿತ್ತು. ವಿಶಾಲು ತುಮಕೂರಿನ ಮನೆಗೆ ಬಂದು, ಬೀಗ ತೆಗೆದು, ಲೈಟು ಹಾಕದೆ ಸೋಫಾದ ಮೇಲೆ ಕೂತುಬಿಟ್ಟಳು.

“ಆವತ್ತು ಕೊಟ್ಬಿಡ್ಬೇಕಿತ್ತು ಕಣ್ರೀ. ಅವ್ರ ಮಕ್ಳಾದ್ರೂ ಓಡಾಡ್ಕೊಂಡಿರ್ತಿದ್ವು.”

ಮನೆಯ ಮೇಲೆ ದ್ವೇಷವಿದ್ದವರು ಅದನ್ನು ಕೆಡವಿದ್ದರೆ ಬೈದುಕೊಂಡು ಸಮಾಧಾನ ಪಡಬಹುದಿತ್ತು. ನಾವೆಲ್ಲ ಪ್ರೀತಿ ಮಾಡಿ ಮಾಡಿಯೇ ಅದನ್ನು ಬೀಳಿಸಿದ್ದೆವು. ಲಕ್ಷ್ಮಿ ಹೊರಗೆ ಹೋಗದಿರಲಿ ಅಂತ ಹಿಡಿದುಕೊಂಡು, ಆಕೆಗೆ ಬರಲು ಒಂದು ಮನೆಯೇ ಇಲ್ಲದ ಹಾಗೆ ಮಾಡಿದೆವು. ಈ ಸಂಕಟ ನನ್ನೊಳಗೆ ಈಗಲೂ ಹಾಗೇ ಇದೆ.

ಈ ವರ್ಷ ಅಪಾರ್ಟ್‌ಮೆಂಟಿನ ಅಸೋಸಿಯೇಷನ್ನಿಗೆ ಹೊಸ ಸೆಕ್ರೆಟರಿ ಬಂದರು. ಒಳ್ಳೆಯವರು, ಆದರೆ ಶಿಸ್ತು.

“ಸಾರ್, ಆಟ ಆಡೋ ಮಕ್ಳ ಮೇಲೆ ಅದು ಬಿದ್ರೆ ಯಾರ್ ಜವಾಬ್ದಾರಿ? ಗೆದ್ಲು ಬೇರೆ. ಈ ತಿಂಗ್ಳೊಳಗೆ ತೆಗಿಸ್ಬಿಡಿ ದಯವಿಟ್ಟು.”

ಅವರು ಹೇಳಿದ್ದರಲ್ಲಿ ತಪ್ಪಿರಲಿಲ್ಲ. ಬಡಗಿಯನ್ನು ಕರೆಸಿದೆ, ನಮ್ಮ ಫ್ಲ್ಯಾಟಿಗೇ ಕೂರಿಸಲಾಗುತ್ತದೋ ನೋಡು ಅಂತ. ಅವನು ಟೇಪು ಹಿಡಿದು ನೋಡಿ, ಎರಡೂ ಪಕ್ಕ ಕುಯ್ದು, ಮೇಲಿನದನ್ನು ತೆಗೆದುಹಾಕಿದರೆ ಕೂರುತ್ತದೆ ಅಂದ. ಮೇಲಿನದು ಅಂದರೆ ಗಜಲಕ್ಷ್ಮಿ.

“ಮುಟ್ಟಿದ್ರೆ ನೋಡು,” ಅಂದಳು ವಿಶಾಲು. ಆಮೇಲೆ ನನ್ನ ಕಡೆ ತಿರುಗಿ, “ಇದಕ್ಕಾ ಕರೆಸಿದ್ದು ಇವ್ನನ್ನ? ಏನ್ಲಾ ನಿಂಗೆ ಬುದ್ಧಿ ಇಲ್ವಾ?” ಅಂದಳು. ನಾನು ತರಕಾರಿ ತರಲು ಹೊರಟೆ.

ಕೊನೆಗೆ ಹಳೆಯ ಮರದ ಸಾಮಾನು ಮಾರುವವನೊಬ್ಬನ ಮೂಲಕ ಕುಣಿಗಲ್ ಕಡೆಯ ಒಂದು ರೆಸಾರ್ಟಿನ ಮ್ಯಾನೇಜರ್ ಬಂದರು. ಬಾಗಿಲು ನೋಡಿ ಅವರ ಕಣ್ಣು ಅರಳಿತು. ವಿಶಾಲು ಕೇಳಿದ್ದು ಒಂದೇ: ಎಲ್ಲೂ ಕುಯ್ಯಬಾರದು, ಮಲಗಿಸಬಾರದು, ಹೊಸ್ತಿಲ ಸಮೇತ ಬಾಗಿಲಾಗಿಯೇ ನಿಲ್ಲಿಸಬೇಕು.

“ಪಕ್ಕಾ ಮೇಡಂ. ಎಂಟ್ರೀಲೇ ನಿಲ್ಲಿಸ್ತೀವಿ. ಬಂದೋರೆಲ್ಲ ಫಸ್ಟು ಅದನ್ನೇ ನೋಡ್ಬೇಕು.”

ಅವಳ ಮುಖದಲ್ಲಿ ಎಷ್ಟೋ ವರ್ಷದ ಮೇಲೆ ಒಂದು ನಿರಾಳ ಕಂಡಿತು. ಲಾರಿಗೆ ಏರಿಸುವ ಮುಂಚೆ ಹೊಸ್ತಿಲಿಗೆ ಅರಿಸಿನ ಹಚ್ಚಿ, ಹೂವಿಟ್ಟು, ಮಗಳನ್ನು ಗಂಡನ ಮನೆಗೆ ಕಳಿಸುವವಳ ಹಾಗೆ ಮಡಿಲಕ್ಕಿಯ ಬದಲು ಒಂದು ಹಿಡಿ ಅಕ್ಕಿಯನ್ನು ಅದರ ಮೇಲೆ ಇಟ್ಟಳು. ಬೆಕ್ಕು ತನ್ನ ಮರಿಗಳನ್ನು ಕಚ್ಚಿಕೊಂಡು ಜನರೇಟರಿನ ಕಡೆ ಹೋಯಿತು.

ಹೋದ ವಾರ ಕುಣಿಗಲ್‌ಗೆ ತಂಗಿಯ ಮನೆಗೆ ಹೋದವರು ಹಾಗೇ ಆಟೋ ಮಾಡಿಕೊಂಡು ರೆಸಾರ್ಟಿಗೂ ಹೋದೆವು. ಮ್ಯಾನೇಜರ್ ಖುಷಿಯಿಂದ ಕರೆದುಕೊಂಡು ಹೋಗಿ ತೋರಿಸಿದರು. ಹಸಿರು ಹುಲ್ಲುಹಾಸಿನ ನಡುವೆ ಬಾಗಿಲು ನಿಂತಿತ್ತು. ವಾರ್ನಿಶ್ ಹೊಡೆದು, ಹಿತ್ತಾಳೆ ಉಜ್ಜಿ, ಕೆಳಗಿನಿಂದ ಲೈಟು ಬಿಟ್ಟಿದ್ದರು. ಎಲ್ಲೂ ಕುಯ್ದಿರಲಿಲ್ಲ. ಹೊಸ್ತಿಲೂ ಇತ್ತು. ಕೊಟ್ಟ ಮಾತಿಗೆ ಒಂದಿಷ್ಟೂ ತಪ್ಪಿರಲಿಲ್ಲ. ಅದರ ಈ ಕಡೆ ಗೋಡೆಯಿಲ್ಲ, ಆ ಕಡೆ ಗೋಡೆಯಿಲ್ಲ, ಹಿಂದೆಯೂ ಹುಲ್ಲೇ. ಮದುವೆಗೆ ಮುಂಚಿನ ಫೋಟೋ ಹಿಡಿಸಿಕೊಳ್ಳಲು ಬಂದ ಒಂದು ಜೋಡಿ ಮುಚ್ಚಿದ ಕದಗಳಿಗೆ ಒರಗಿಕೊಂಡು ನಗುತ್ತಿತ್ತು. ಕ್ಯಾಮೆರಾದವನು ಬಾಗಿಲನ್ನು ಬಳಸಿಕೊಂಡು ಅತ್ತ ಇತ್ತ ಓಡಾಡುತ್ತಿದ್ದ.

ವಿಶಾಲು ದೇವಸ್ಥಾನದಲ್ಲಿ ಮಾಡುವ ಹಾಗೆ ಬಾಗಿಲನ್ನು ಒಂದು ಸುತ್ತು ಬಂದಳು. ಮುಂದಿನಿಂದ ಹೊರಟು ಮುಂದಕ್ಕೇ ಬಂದಳು. ಮುಖದಲ್ಲಿ ಏನೂ ಕಾಣಲಿಲ್ಲ.

“ಹೆಂಗಿದೆ ಮೇಡಂ?” ಅಂದರು ಮ್ಯಾನೇಜರ್.

“ಚೆನ್ನಾಗಿದೆ,” ಅಂದಳು.

ಕಾಫಿ ಕೊಟ್ಟರು. ಕುಡಿಯುತ್ತ ಕೂತೆವು. ಫೋಟೋದ ಜೋಡಿ ಹೋಯಿತು. ಹೊತ್ತು ಮುಳುಗುತ್ತ ಬಂದು, ಹುಲ್ಲುಹಾಸಿನ ಸುತ್ತ ಒಂದೊಂದೇ ದೀಪ ತಾನಾಗಿಯೇ ಹೊತ್ತಿಕೊಂಡಿತು. ವಿಶಾಲು ಲೋಟ ಕೆಳಗಿಟ್ಟು ಎದ್ದಳು. ಸೀದಾ ಹೋಗಿ ಚಿಲಕ ತೆಗೆದು ಎರಡೂ ಕದಗಳನ್ನು ಒಳಕ್ಕೆ ತಳ್ಳಿದಳು. ಗುಬ್ಬಿಯಲ್ಲಿ ಮಾಡುತ್ತಿದ್ದ ಅದೇ ಕಿರ್ರ್ ಸದ್ದು ಮಾಡಿಕೊಂಡು ಅವು ತೆರೆದವು.

“ಮೇಡಂ, ಅದು ಕ್ಲೋಸೇ ಇರ್ಲಿ ಮೇಡಂ. ಫೋಟೋಗೆ ಹಂಗೇ ಚೆನ್ನಾಗಿ ಕಾಣತ್ತೆ,” ಅಂದರು ಮ್ಯಾನೇಜರ್.

“ದೀಪ ಹಚ್ಚೋ ಹೊತ್ತು ಕಣಪ್ಪಾ. ಈಗ ಯಾರಾದ್ರೂ ಮುಂಬಾಗ್ಲು ಹಾಕ್ತಾರಾ?”

ಆತ ನನ್ನ ಮುಖ ನೋಡಿದರು. ನಾನು ಸುಮ್ಮನಿರಿ ಅನ್ನುವಂತೆ ಕೈ ಮಾಡಿದೆ. ವಿಶಾಲು ಸೀರೆಯ ನೆರಿಗೆ ಎತ್ತಿಕೊಂಡು, ಹೊಸ್ತಿಲನ್ನು ತುಳಿಯದೆ, ಬಲಗಾಲಿಟ್ಟು ಒಳಗೆ ಹೋದಳು. ಒಳಗೆ ಅಂದರೆ ಆ ಕಡೆಯ ಹುಲ್ಲಿಗೆ. ಅಲ್ಲಿ ಒಂದು ಗಳಿಗೆ ನಿಂತು, ಮತ್ತೆ ತಿರುಗಿ ಬಂದು, ತೆರೆದ ಬಾಗಿಲಿನ ನಡುವೆ ಹೊರಗಡೆ ಮುಖ ಮಾಡಿ ನಿಂತಳು, ಹುಡುಗಿಯಾಗಿದ್ದಾಗ ಬೀದಿ ನೋಡುತ್ತ ನಿಲ್ಲುತ್ತಿದ್ದ ಹಾಗೆಯೇ. ನಾನು ಬಳಸಿಕೊಂಡು ಹೋಗಿ ಅವಳ ಬೆನ್ನ ಹಿಂದೆ ನಿಂತೆ. ಅವಳು ತಿರುಗಿ ನೋಡಲಿಲ್ಲ.

“ಹಾಕಿದ್ಯೇನ್ಲಾ?” ಅಂದಳು. ದನಿಯಲ್ಲಿ ಕೋಪವಿರಲಿಲ್ಲ.

ನಾನು ಹಿಂದೆ ತಿರುಗಿ ನೋಡಿದೆ. ಹುಲ್ಲು, ಅದರಾಚೆ ತಂತಿ ಬೇಲಿ, ಬೇಲಿಯಾಚೆ ಹೈವೇಯಲ್ಲಿ ಒಂದರ ಹಿಂದೊಂದು ಲಾರಿ. ಎಷ್ಟು ದೂರ ಓಡಿದರೂ ಹಾಕಲು ಅಲ್ಲಿ ಯಾವ ಬಾಗಿಲೂ ಇರಲಿಲ್ಲ.

“ಹಾಕ್ದೆ ಕಣೇ,” ಅಂದೆ.